ಗ್ಯಾಲರಿ ಮೌನವಾದಾಗ

ತವರು ನೆಲ, ತವರು ಜನ ಇದ್ದರೆ ಅರ್ಧ ಗೆದ್ದಂತೆ ಅಂತೀವಿ. ಹಾಗಾದರೆ 1950ರ ಜುಲೈ 16ರಂದು ರಿಯೊ ಡಿ ಜನೈರೊದಲ್ಲಿ ಆಗಿದ್ದೇನು?

ಅದು ಫುಟ್‌ಬಾಲ್ ವಿಶ್ವಕಪ್‌ನ ಕೊನೆಯ ಪಂದ್ಯ. ಮರಕಾನಾ ಕ್ರೀಡಾಂಗಣಕ್ಕೆ ಟಿಕೆಟ್ ಕೊಂಡು ಬಂದವರೇ ಸುಮಾರು 1 ಲಕ್ಷ 73 ಸಾವಿರ ಮಂದಿ. ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಎದುರಿಗಿದ್ದದ್ದು ಪುಟ್ಟ ಉರುಗ್ವೆ. 47ನೇ ನಿಮಿಷದಲ್ಲಿ ಬ್ರೆಜಿಲ್ ಗೋಲು ಹೊಡೆದೇ ಬಿಟ್ಟಿತು!

ಆಗ ಉರುಗ್ವೆ ನಾಯಕ ಒಬ್ದುಲಿಯೊ ವರೆಲಾ ಏನು ಮಾಡಿದ ಗೊತ್ತಾ? ಚೆಂಡು ಎತ್ತಿಕೊಂಡು, ಆಫ್‌ಸೈಡ್ ಅಂತ ರೆಫರಿ ಜೊತೆ ವಾದಕ್ಕೆ ನಿಂತ. ಗೋಲು ರದ್ದಾಗಲಿಲ್ಲ. ಆದರೆ ಜನರ ಅಬ್ಬರ ಇಳೀತು. ಅವನಿಗೆ ಬೇಕಿದ್ದದ್ದೂ ಅಷ್ಟೇ.

66ನೇ ನಿಮಿಷದಲ್ಲಿ ಸ್ಕಿಯಾಫಿನೊ ಸ್ಕೋರು ಸಮ ಮಾಡಿದ. ಆಗಲೂ ಕಪ್ ಬ್ರೆಜಿಲ್‌ನದೇ! ಆದರೆ ಗ್ಯಾಲರಿ ಮೌನವಾಯ್ತು. ಆ ಮೌನದ ಭಯ ಆಟಗಾರರ ಕಾಲಿಗೂ ಇಳೀತು. 79ನೇ ನಿಮಿಷದಲ್ಲಿ ಗಿಗ್ಗಿಯಾ ಗೋಲು. ಉರುಗ್ವೆ 2, ಬ್ರೆಜಿಲ್ 1.

ಹುರಿದುಂಬಿಸಲು ಬಂದ ಜನವೇ ಹೊರೆಯಾಗಿತ್ತು. ಆ ಹೊರೆ ಹೊತ್ತವನು ಗೋಲ್‌ಕೀಪರ್ ಬಾರ್ಬೋಸಾ. 2000ನೇ ಇಸವಿಯಲ್ಲಿ ಸಾಯುವ ತನಕ, ಅಂದರೆ 50 ವರ್ಷ, ಆ ಒಂದು ಗೋಲಿನ ಅಪವಾದ ಅವನನ್ನು ಬಿಡಲಿಲ್ಲ.

ಗೆದ್ದರೆ ನಾವು ಗೆದ್ದೆವು ಅಂತೀವಿ, ಸೋತರೆ ಅವನು ಸೋಲಿಸಿದ ಅಂತೀವಿ. ಟಿವಿ ಮುಂದೆ ಕೂತ ನಾವೂ ಅದೇ ಗ್ಯಾಲರಿಯವರು ತಾನೇ?