ಒಂದೇ ಇರುಳಿನ ಏರಿಳಿತ: ಗಾಮಾ ಕಿರಣ ಸೂಸುವ ಸೀಫರ್ಟ್ ಗೆಲಾಕ್ಸಿಗಳ ಬೆಳಕಿನ ಮೂಲ

ಪಿಎಂಎನ್ ಜೆ0948+0022 ಎಂಬ ಸೀಫರ್ಟ್ ಗೆಲಾಕ್ಸಿಯಿಂದ ಗಾಮಾ ಕಿರಣಗಳು ಹೊಮ್ಮುತ್ತಿವೆಯೆಂದು ಫರ್ಮಿ ಉಪಗ್ರಹದ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದರು. ಇಂಥ ಕಿರಣ ಸೂಸಲು ಕಪ್ಪುಕುಳಿಯ ಬಳಿಯಿಂದ ಚಿಮ್ಮಿ ನಮ್ಮತ್ತ ಮುಖಮಾಡಿದ ಪ್ರಬಲ ಜೆಟ್ ಬೇಕು; ಕಿರಿದಾದ ರೋಹಿತರೇಖೆಗಳ ಸೀಫರ್ಟ್ ಗೆಲಾಕ್ಸಿಗಳ ಈ ಗುಂಪಿನಲ್ಲಿ ಅದನ್ನು ಯಾರೂ ಅಷ್ಟಾಗಿ ನಿರೀಕ್ಷಿಸಿರಲಿಲ್ಲ. ಹಾಗಾದರೆ ಕಣ್ಣಿಗೆ ಕಾಣುವ ಬೆಳಕೂ ಜೆಟ್‌ನದೇ, ಅಥವಾ ಕಪ್ಪುಕುಳಿಯ ಸುತ್ತ ಸುತ್ತುವ ಬಿಸಿ ಅನಿಲದ ತಟ್ಟೆಯದೇ? ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಖಗೋಳಜ್ಞರು ಈ ಗೆಲಾಕ್ಸಿಯನ್ನೂ ಇಂಥವೇ ಇನ್ನೆರಡನ್ನೂ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದಿಂದ ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಕಂಡ ಒಂದೇ ಇರುಳಿನ ಏರಿಳಿತ ಜೆಟ್‌ನದೇ ಎಂಬುದು ನನ್ನ ವಾದ. ಆದರೆ ಏರಿಳಿತದ ವೇಗವೊಂದೇ ಅದಕ್ಕೆ ಸಾಕ್ಷಿಯಾಗದು.

ನಮ್ಮ ವಾಯುಮಂಡಲವೇ ಬೆಳಕನ್ನು ಕುಣಿಸಿರಬಹುದೆಂಬುದು ಮೊದಲ ಆಕ್ಷೇಪ. ಗೆಲಾಕ್ಸಿಯ ಚಿತ್ರದಲ್ಲೇ ನೆರೆಯ ನಕ್ಷತ್ರಗಳೂ ಇರುತ್ತವೆ. ತೆಳುಮೋಡ ಹಾದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ. ಎರಡು ನಕ್ಷತ್ರಗಳ ಹೊಳಪಿನ ವ್ಯತ್ಯಾಸ ತೋರುವ ಗೆರೆ ರಾತ್ರಿಯಿಡೀ ನೇರವಾಗಿದ್ದು, ಗೆಲಾಕ್ಸಿಯ ಗೆರೆ ಮಾತ್ರ ಬಾಗಿದರೆ ಮೋಡವನ್ನು ದೂರುವಂತಿಲ್ಲ. ಗಾಳಿಯ ಕಲಕಾಟಕ್ಕೆ ಚಿತ್ರ ಹರಡಿ, ಸುತ್ತಲಿನ ನಕ್ಷತ್ರರಾಶಿಯ ಬೆಳಕು ಅಳತೆಯೊಳಗೆ ಹೆಚ್ಚುಕಡಿಮೆ ನುಸುಳುವುದು ಇನ್ನೊಂದು ತೊಡಕು. ಅವರು ಗಮನಿಸಿದ ಇನ್ನೆರಡರಲ್ಲಿ ಒಂದಾದ, ಹತ್ತಿರದ 1ಎಚ್ 0323+342ರ ವಿಷಯದಲ್ಲಿ ಈ ಎಚ್ಚರ ಬೇಕೇ ಬೇಕು. ಐನೂರು ಕೋಟಿ ವರ್ಷಗಳಿಗೂ ಹಿಂದೆ ಹೊರಟ ಬೆಳಕನ್ನು ತೋರುವ ಪಿಎಂಎನ್ ಜೆ0948+0022ರಲ್ಲಿ ಆ ನಕ್ಷತ್ರರಾಶಿಯ ಬೆಳಕು ತೀರ ಮಸುಕು.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು: ತಟ್ಟೆಯೇ ಇಷ್ಟು ಬೇಗ ಬದಲಾಗಿರಬಹುದು. ಬೆಳಕು ಗಂಟೆಗೆ ಸುಮಾರು 108 ಕೋಟಿ ಕಿಲೋಮೀಟರ್ ಸಾಗುತ್ತದೆ. ಹತ್ತು ಕೋಟಿ ಸೂರ್ಯರಷ್ಟು ತೂಗುವ ಕಪ್ಪುಕುಳಿಯ ತ್ರಿಜ್ಯವಾದರೋ 30 ಕೋಟಿ ಕಿಲೋಮೀಟರ್. ತಟ್ಟೆಯ ಒಳ ಅಂಚು ಬೆಳಕಿನ ಒಂದು ಗಂಟೆಯ ಹಾದಿಯೊಳಗೇ ಅಡಗೀತು; ಗಂಟೆಯೊಳಗಿನ ಬದಲಾವಣೆಯಿಂದಲೇ ತಟ್ಟೆಯನ್ನು ತಳ್ಳಿಹಾಕುವುದು ಆತುರ. ಇಲ್ಲಿ ತೀರ್ಪು ಕೊಡುವುದು ಧ್ರುವೀಕರಣ, ಅಂದರೆ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣ. 2012ರ ಡಿಸೆಂಬರ್‌ನಲ್ಲಿ ಜಪಾನಿನ ಕನಾಟಾ ದೂರದರ್ಶಕವು ಪಿಎಂಎನ್ ಜೆ0948+0022ರ ಬೆಳಕಿನ ಸ್ಫೋಟವೊಂದರಲ್ಲಿ ಶೇ. 36ರಷ್ಟು ಧ್ರುವೀಕರಣ ಅಳೆಯಿತು. ಬಿಸಿ ತಟ್ಟೆಯ ಬೆಳಕಿನಲ್ಲಿ ಅಷ್ಟು ಕಾಣಸಿಗದು. ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುವ ಎಲೆಕ್ಟ್ರಾನುಗಳ ಬೆಳಕಿಗೆ ಅದು ಸಹಜ. ಗಾಮಾ ಮತ್ತು ಬೆಳಕು ಸದಾ ಜೊತೆಯಾಗಿ ಏರುವುದಿಲ್ಲವಲ್ಲ ಎಂದರೆ, ಅದಕ್ಕೂ ಉತ್ತರವಿದೆ: ಅದೇ ಎಲೆಕ್ಟ್ರಾನುಗಳು ಹೊರಗಿನ ಫೋಟಾನುಗಳಿಗೆ ಡಿಕ್ಕಿಕೊಟ್ಟು ಗಾಮಾ ಹುಟ್ಟಿಸುತ್ತವೆ. ಕಾಂತಕ್ಷೇತ್ರ ಮಾತ್ರ ಬಲಗೊಂಡರೆ ಬೆಳಕೊಂದೇ ಏರೀತು, ಫೋಟಾನು ಹೆಚ್ಚಿದರೆ ಗಾಮಾ ಒಂದೇ. ಏರಿಳಿತವೇ ಕಾಣದ ರಾತ್ರಿಗಳೂ ಜೆಟ್ ಇಲ್ಲವೆಂದು ಹೇಳುವುದಿಲ್ಲ; ಜೆಟ್ ಮಂದವಾದಾಗ ತಟ್ಟೆಯ ನೀಲಿ ಬೆಳಕಿನ ಪಾಲು ಮೇಲೆದ್ದು ಮಿನುಗನ್ನು ಮುಚ್ಚಿಬಿಡುತ್ತದೆ.