ಗಡಿ ದಾಟಿದ್ರೆ ಮಾತ್ರ ವಲಸಿಗ (ಗುಳೆ ಸರಣಿ, ಭಾಗ 4)

ದೀಪಾವಳಿ ಮುಗಿದ ಮೇಲೆ ನಮ್ಮ ರಾಯಚೂರು ಕಡೆ ಹಳ್ಳಿಗೆ ಬಂದ್ರೆ ಓಣಿ ತುಂಬಾ ಬೀಗ ಕಾಣುತ್ತೆ. ಉಳಿದಿರೋದು ಅಜ್ಜ ಅಜ್ಜಿಯರು. ಯಾಕೆ ಗುಳೆ ಹೋಗ್ತಾರೆ ಅಂತ ಹಿಂದಿನ ಭಾಗದಲ್ಲಿ ಓದಿದ್ರಿ. ಇವತ್ತು ಅವರಿಗಾಗಿ ಅಂತ ಬಂದ ಒಂದು ಕಾನೂನಿನ ಕಥೆ.

ಅದು ಶುರುವಾಗಿದ್ದು ಒಡಿಶಾದಲ್ಲಿ. ಅಲ್ಲಿ ಇದಕ್ಕೆ 'ದಾದನ್' ಅಂತಾರೆ. ಸರ್ದಾರ ಅಂತ ಒಬ್ಬ, ನಮ್ಮ ಮೇಸ್ತ್ರಿ ಇದ್ದಂಗೆ, ಊರಿಗೆ ಬಂದು ಮುಂಗಡ ಕೊಟ್ಟು ದೂರದ ರಾಜ್ಯಗಳ ದೊಡ್ಡ ಕಾಮಗಾರಿಗಳಿಗೆ ಜನರನ್ನ ಕರ್ಕೊಂಡು ಹೋಗ್ತಿದ್ದ. ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಅಂತ ಹೇಳ್ತಿದ್ದ, ಮಾಡ್ತಿರಲಿಲ್ಲ. ದುಡಿಮೆಗೆ ಇಷ್ಟೇ ಗಂಟೆ ಅನ್ನೋದೂ ಇರಲಿಲ್ಲ. 1975ರಲ್ಲಿ ಒಡಿಶಾ ತನ್ನದೇ ಕಾಯ್ದೆ ಮಾಡ್ತು. ಆದ್ರೆ ಕೂಲಿಕಾರ ಬೇರೆ ರಾಜ್ಯದಲ್ಲಿರುವಾಗ ಒಡಿಶಾದ ಅಧಿಕಾರಿ ಏನು ಮಾಡೋಕಾಗುತ್ತೆ ಹೇಳಿ? 1976ರಲ್ಲಿ ಕಾರ್ಮಿಕ ಸಚಿವರ ಸಮ್ಮೇಳನದಲ್ಲಿ ವಿಷಯ ಚರ್ಚೆಗೆ ಬಂತು, ಸಮಿತಿ ಆಯ್ತು. 1979ರಲ್ಲಿ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ತಂತು.

ಕಾಗದದ ಮೇಲೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಗುತ್ತಿಗೆದಾರನಿಗೆ ಲೈಸೆನ್ಸ್. ಪ್ರತಿ ಕಾರ್ಮಿಕನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್. ಹೋಗಿ ಬರೋ ಖರ್ಚು. ಅದರ ಮೇಲೆ, ಊರು ಬಿಟ್ಟಿದ್ದಕ್ಕೇ ಒಂದು ಭತ್ಯೆ: ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು. ವಾಪಸ್ ಕೇಳೋ ಹಾಗಿಲ್ಲ. ಬಿಕಾಂ ಓದೋಳಾಗಿ ನನಗೆ ಇದು ತುಂಬಾ ಇಷ್ಟ ಆಯ್ತು. ಊರು ಬಿಡೋದೂ ಒಂದು ಖರ್ಚು ಅಂತ ಗುತ್ತಿಗೆದಾರನ ಲೆಕ್ಕಕ್ಕೆ ಬರೆದ ಕಾನೂನು!

ಆದ್ರೆ ಷರತ್ತು ನೋಡಿ. ಗುತ್ತಿಗೆದಾರನ ಮೂಲಕವೇ ಹೋಗಿರಬೇಕು, ಐದು ಜನವಾದ್ರೂ ಇರಬೇಕು, ರಾಜ್ಯದ ಗಡಿ ದಾಟಿರಬೇಕು. ಅಂದ್ರೆ ರಾಯಚೂರಿಂದ ಹೈದರಾಬಾದಿಗೆ ಹೋದವ ವಲಸೆ ಕಾರ್ಮಿಕ. ಅದರ ಎರಡರಷ್ಟು ದೂರದ ಬೆಂಗಳೂರಿಗೆ ಹೋದವ ಅಲ್ಲ.

ನಮ್ಮ ದೊಡ್ಡಪ್ಪ ಬೆಂಗಳೂರಲ್ಲಿ ಎರಡು ತಿಂಗಳು ಕಟ್ಟಡದ ಕೆಲಸ ಮಾಡಿದ್ರು, ಮೇಸ್ತ್ರಿ ಕೂಲಿ ಕೊಡದೆ ನಾಪತ್ತೆಯಾದ. ಕೇಳೋಕೆ ಹೋದ ಕಡೆ ಸಿಕ್ಕ ಉತ್ತರ, "ಕರ್ನಾಟಕದವರೇ ಅಲ್ವೇನ್ರಿ? ಇದು ನಿಮಗೆ ಬರಲ್ಲ."

ಪಂಚಾಯ್ತಿ ಲೆಕ್ಕದಲ್ಲಿ ದೊಡ್ಡಪ್ಪನ ಮನೆಯವರು ಊರಲ್ಲೇ ಇದ್ದಾರೆ. ಬೆಂಗಳೂರಿನ ವಾರ್ಡ್ ಲೆಕ್ಕದಲ್ಲಿ ಅವರಿಲ್ಲ. ನೀರು, ಅಂಗನವಾಡಿ, ಶಾಲೆ ಎಲ್ಲಾ ಪ್ಲಾನ್ ಆಗೋದು ಈ ಲೆಕ್ಕದ ಮೇಲೇನೇ. 2016-17ರ ಆರ್ಥಿಕ ಸಮೀಕ್ಷೆ ರೈಲಿನ ಕಾಯ್ದಿರಿಸದ ಪ್ರಯಾಣದ ಅಂಕಿ ಹಿಡ್ಕೊಂಡು, ರಾಜ್ಯದಿಂದ ರಾಜ್ಯಕ್ಕೆ ವರ್ಷಕ್ಕೆ ಸುಮಾರು 90 ಲಕ್ಷ ಜನ ಹೋಗ್ತಾರೆ ಅಂತ ಅಂದಾಜು ಮಾಡ್ತು. ಒಳ್ಳೇದೇ. ಆದ್ರೆ ಬೆಂಗಳೂರು ಬಸ್ ಹತ್ತೋ ನಮ್ಮವರು ಅದರಲ್ಲೂ ಇಲ್ಲ.

2020ರ ಲಾಕ್‌ಡೌನ್ ನಿಮಗೆ ನೆನಪಿದೆ. ಊರಿಗೆ ಹೊರಟು ದಾರಿಯಲ್ಲಿ ಸತ್ತವರೆಷ್ಟು ಅಂತ ಆ ಸೆಪ್ಟೆಂಬರ್‌ನಲ್ಲಿ ಸಂಸತ್ತಲ್ಲಿ ಕೇಳಿದಾಗ, ಅಂಥ ಮಾಹಿತಿ ಇಲ್ಲ ಅಂತ ಸರ್ಕಾರ ಹೇಳ್ತು.

2025ರ ನವೆಂಬರ್‌ನಲ್ಲಿ ಹಳೇ ಕಾಯ್ದೆ ಹೋಗಿ ಹೊಸ ಸಂಹಿತೆ ಜಾರಿಗೆ ಬಂತು. ಗುತ್ತಿಗೆದಾರ ಇಲ್ಲದೆ ತಾನಾಗೇ ಹೋದವರೂ ಈಗ ಸೇರಿದ್ದಾರೆ, ಇದು ನಿಜವಾಗಲೂ ದೊಡ್ಡ ಬದಲಾವಣೆ. ಐದು ಇದ್ದದ್ದು ಹತ್ತಾಯ್ತು. ಊರು ಬಿಟ್ಟ ಭತ್ಯೆ ಹೋಯ್ತು. ರಾಜ್ಯದ ಗಡಿ ಮಾತ್ರ ಹಾಗೇ ಇದೆ.

ಈ ಸಲವೂ ದೊಡ್ಡಪ್ಪ ಬೆಂಗಳೂರಿಗೇ ಹೋಗಿದ್ದಾರೆ. ಬೀಗದ ಕೈ ನಮ್ಮ ಮನೇಲಿದೆ.

ಮುಂದಿನ ಭಾಗ ಟೆಂಟ್ ಶಾಲೆಗಳ ಬಗ್ಗೆ. ನಿಮ್ಮೂರವರು ಗುಳೆ ಎಲ್ಲಿಗೆ ಹೋಗ್ತಾರೆ? ಕಾಮೆಂಟಲ್ಲಿ ಬರೀರಿ.