ಮಡಗೋದು ಬೇರೆ, ತೋರ್ಸೋದು ಬೇರೆ

ನಮ್ಮ ಅರಸೀಕೆರೆ ಕಡೆ ಹೆಂಗಸರು ಮನೆ ಸಾಮಾನನ್ನ ಎರಡು ಥರ ನೋಡ್ತಾರೆ. ಒಂದು ಮಡಗೋ ಸಾಮಾನು, ಇನ್ನೊಂದು ತೋರ್ಸೋ ಸಾಮಾನು. ರಾಗಿ, ಹುಣಸೇಹಣ್ಣು, ಉಪ್ಪಿನಕಾಯಿ, ತುಪ್ಪ, ಒಡವೆ ಇವು ಮಡಗೋವು. ಬೆಳಗಿದ ಹಿತ್ತಾಳೆ ಚೊಂಬು, ದಸರಾ ಗೊಂಬೆ, ಮದುವೆ ಫೋಟೋ ಇವು ತೋರ್ಸೋವು. ಎರಡನ್ನೂ ಒಂದೇ ಕಡೆ ಕಲಸೋ ಪದ್ಧತಿ ನಮ್ಮಲ್ಲಿ ಇರ್ಲಿಲ್ಲ.

ಈಗ ಹೊಸದಾಗಿ ಮನೆ ಕಟ್ಟಿಸೋರು ಹಾಲಿನಲ್ಲಿ ಟಿವಿ ಪಕ್ಕಕ್ಕೆ ಗಾಜಿನ ಕಪಾಟು ಮಾಡ್ಸಿ, ಒಳಗೆ ಬಣ್ಣದ ಲೈಟು ಹಾಕ್ಸಿ, ವೈನ್ ಬಾಟ್ಲಿಗಳನ್ನ ಸಾಲಾಗಿ ನಿಲ್ಲಿಸ್ತಾರೆ. ನಮ್ಮ ನೆಂಟರಲ್ಲೇ ಬೆಂಗಳೂರಿನ ಎರಡು ಮನೇಲಿ ನೋಡಿದೀನಿ. ತಂಗಿ ಮಗನ ಮನೆಗೂ ಬಡಗಿ ಅಂಥದ್ದೇ ನಕ್ಷೆ ಬರೆದು ಕೊಟ್ಟಿದಾನಂತೆ. "ಅಕ್ಕ, ಬೇಡ ಅಂದ್ರೆ ಹಳೇ ಕಾಲದೋಳು ಅಂತಾರೆ, ಆಯ್ತು ಅನ್ನೋಕೆ ಮನಸ್ಸು ಬರಲ್ಲ" ಅಂದ್ಲು. ನಾನು ವೈನ್ ಕುಡಿಯೋಳಲ್ಲ. ಆದ್ರೆ ಕೆಡೋ ಪದಾರ್ಥನ ಕೆಡದ ಹಾಗೆ ಮಡಗೋದು ನಮ್ಮ ನಿಮ್ಮ ಅಜ್ಜಿಯರ ವಿದ್ಯೆ. ಅದಕ್ಕೆ ಆ ದಾರೀಲೇ ಹುಡುಕ್ಕೊಂಡು ಹೋದೆ.

ಮೊದಲು ನಮ್ಮ ಹಗೇವು. ಈಗಿನ ಹೆಣ್ಣುಮಕ್ಕಳಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ. ಭೂಮಿ ಒಳಗೆ ತೋಡಿದ ಗುಳಿ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಸುತ್ತ ರಾಗಿ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತೋರು. ಬಿಸಿಲಿಲ್ಲ, ಗಾಳಿಯಿಲ್ಲ, ಹುಳ ಇಲ್ಲ. ವರ್ಷಗಟ್ಟಲೆ ರಾಗಿ ಹಾಗೇ ಇರೋದು. ತೆಗೆಯೋ ದಿನ ಮಾತ್ರ ಯಾರೂ ತಟ್ಟನೆ ಇಳೀತಿರ್ಲಿಲ್ಲ. ಬಾಯಿ ತೆರೆದು ಗಾಳಿ ಆಡೋಕೆ ಬಿಟ್ಟು, ದೀಪ ಕಟ್ಟಿ ಇಳಿಸಿ ನೋಡೋರು. ದೀಪ ಆರಿಹೋದ್ರೆ ಒಳಗೆ ಕೆಟ್ಟ ಗಾಳಿ ಇದೆ ಅಂತ ಅರ್ಥ. ಆ ಗಾಳಿಗೆ ಸಿಕ್ಕಿ ಜೀವ ಹೋದೋರೂ ಇದಾರೆ. ಎಷ್ಟೋ ಮನೇಲಿ ಹಗೇವಿನ ಬಾಯಿ ಎಲ್ಲಿದೆ ಅನ್ನೋದು ಮನೆಯೋರಿಗೆ ಬಿಟ್ರೆ ಬೇರೆಯೋರಿಗೆ ಗೊತ್ತಿರ್ತಿರ್ಲಿಲ್ಲ.

ಈಗ ಕೇಳಿ, ಜಾರ್ಜಿಯಾ ಅಂತ ಒಂದು ದೇಶ ಇದೆ, ರಷ್ಯಾ ಪಕ್ಕದ್ದು. ಅಲ್ಲಿ ದ್ರಾಕ್ಷಿ ರಸನ ದೊಡ್ಡ ದೊಡ್ಡ ಮಣ್ಣಿನ ಗುಡಾಣಕ್ಕೆ ಹಾಕಿ, ಕುತ್ತಿಗೆವರೆಗೂ ನೆಲದಲ್ಲಿ ಹೂತು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಬಿಡ್ತಾರೆ. ಆ ಗುಡಾಣಕ್ಕೆ ಕ್ವೆವ್ರಿ ಅಂತ ಹೆಸರು. ಅಲ್ಲಿ ಸಿಕ್ಕ ಮಡಕೆ ಚೂರುಗಳನ್ನ ಪರೀಕ್ಷೆ ಮಾಡಿ, ಸುಮಾರು 8000 ವರ್ಷದ ಹಿಂದೆಯೇ ವೈನ್ ಮಾಡ್ತಿದ್ರು ಅಂತ ಹೇಳಿದಾರೆ. 2013ರಲ್ಲಿ ಯುನೆಸ್ಕೋದೋರು ಈ ಪದ್ಧತಿನ ತಮ್ಮ ಪಟ್ಟಿಗೆ ಸೇರಿಸಿದ್ರು. ಓದಿದಾಗ ನನಗೆ ಆಶ್ಚರ್ಯ ಆಗ್ಲಿಲ್ಲ, ನಗು ಬಂತು. ನಮ್ಮ ಹಗೇವೇ ಅದು, ಒಳಗೆ ರಾಗಿ ಬದಲು ರಸ. ಅಲ್ಲೂ ರಸ ಹುದುಗೋವಾಗ ಅದೇ ಕೆಟ್ಟ ಗಾಳಿ ಏಳುತ್ತೆ. ನೆಲಮಾಳಿಗೇಲಿ ವೈನ್ ಮಾಡೋರೂ ಹಿಂದೆ ಒಳಗೆ ಹೋಗೋಕ್ ಮುಂಚೆ ಮೇಣದ ಬತ್ತಿ ಹಿಡಿದು ನೋಡೋರಂತೆ.

ನಮ್ಮ ದಕ್ಷಿಣಕ್ಕೂ ವೈನ್ ಬಂದು ಬಹಳ ಕಾಲ ಆಯ್ತು. ಪುದುಚೇರಿ ಹತ್ರ ಅರಿಕಮೇಡು ಅನ್ನೋ ಕಡೆ 1945ರಲ್ಲಿ ವೀಲರ್ ಅನ್ನೋ ಸಾಹೇಬ ಅಗೆಸಿದಾಗ, ಸುಮಾರು 2000 ವರ್ಷದ ಹಿಂದೆ ರೋಮ್ ಕಡೆಯಿಂದ ಹಡಗಿನಲ್ಲಿ ಬಂದ ಎರಡು ಕಿವಿಯ ಉದ್ದನೆ ಮಣ್ಣಿನ ಜಾಡಿಗಳ ಚೂರು ಸಿಕ್ಕಿದ್ವು. ಅಂಥ ಜಾಡೀಲಿ ವೈನ್, ಎಣ್ಣೆ ಬರ್ತಿತ್ತು. ಅವುಗಳ ತಳ ಚೂಪು. ನಿಲ್ಲಲ್ಲ. ಮರಳಲ್ಲಿ ಸಿಗಿಸಬೇಕು, ಇಲ್ಲ ಒಂದಕ್ಕೊಂದು ಒರಗಿಸಬೇಕು. ನಮ್ಮ ಗಡಿಗೆ ತಳ ದುಂಡಗಿದ್ದು ಸಿಂಬೆ ಬೇಕಾಗುತ್ತಲ್ಲ, ಹಾಗೆ. ಸಾಗಿಸೋಕೆ, ಮಡಗೋಕೆ ಮಾಡಿದ ಪಾತ್ರೆ ಅದು. ಮೇಜಿನ ಮೇಲೆ ಇಟ್ಟು ತೋರ್ಸೋಕೆ ಮಾಡಿದ್ದಲ್ಲ.

ತೋರ್ಸೋದು ಅರಮನೆ ಕೆಲಸ ಆಗಿತ್ತು. ನಮ್ಮ ಬೇಲೂರು ದೇವಸ್ಥಾನ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆ ಆಯ್ತಲ್ಲ, ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಅನ್ನೋ ರಾಜ ಮಾನಸೋಲ್ಲಾಸ ಅಂತ ಸಂಸ್ಕೃತದಲ್ಲಿ ದೊಡ್ಡ ಗ್ರಂಥ ಬರೆಸಿದ. ಅಡುಗೆ, ಆಟ, ಆನೆ, ಒಡವೆ ಎಲ್ಲ ಇದೆ ಅದರಲ್ಲಿ. ಮದಿರಾಪಾನವೂ ರಾಜನ ಒಂದು ವಿನೋದ ಅಂತ ಸೇರಿದೆ. ಅದು ಆಸ್ಥಾನದ ಸಡಗರ. ಹಳ್ಳಿ ಮನೇಲಿ ಕುಡಿಯೋದು ಅಂದ್ರೆ ಈಚಲು ಹೆಂಡ. ಹೆಂಡನ ಮಡಗೋ ಪ್ರಶ್ನೆಯೇ ಇಲ್ಲ. ಬೆಳಿಗ್ಗೆ ಇಳಿಸಿದ್ದು ಸಂಜೆಗೆ ಹುಳಿ, ಮಾರನೇ ದಿನಕ್ಕೆ ಇನ್ನೂ ಹುಳಿ. ಅದಕ್ಕೇ ನಮ್ಮ ಕಡೆ ಕುಡಿಯೋ ಪದಾರ್ಥಕ್ಕೆ ಮನೆ ಒಳಗೆ ಒಂದು ಜಾಗ ಅಂತ ಹುಟ್ಟಲೇ ಇಲ್ಲ.

ಜಾಗ ಇದ್ದಿದ್ದು ಒಂದಕ್ಕೆ, ಅರಿಷ್ಟಕ್ಕೆ. ಬಾಣಂತಿಗೆ ದಶಮೂಲಾರಿಷ್ಟ, ಸೊರಗಿದೋರಿಗೆ ದ್ರಾಕ್ಷಾರಿಷ್ಟ ಕೊಡದ ಮನೆ ಯಾವುದಿದೆ ಹೇಳಿ? ದ್ರಾಕ್ಷಾರಿಷ್ಟ ಅಂದ್ರೆ ಒಣದ್ರಾಕ್ಷಿ ಕಷಾಯಕ್ಕೆ ಬೆಲ್ಲ, ಧಾತಕಿ ಹೂ, ಮಸಾಲೆ ಹಾಕಿ ಹುದುಗಿಸಿದ್ದು. ಬಾಟ್ಲಿ ಚೀಟಿ ಓದಿ ನೋಡಿ, ಅದರಲ್ಲೇ ಹುಟ್ಟಿದ ಆಲ್ಕೋಹಾಲ್ ಇದೆ ಅಂತ ಬರೆದಿರುತ್ತೆ. ಹಳೇ ವೈದ್ಯರ ವಿಧಾನ ಏನು ಗೊತ್ತಾ? ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಸುತ್ತಿ ಮಣ್ಣು ಮೆತ್ತಿ, ಧಾನ್ಯದ ರಾಶಿ ನಡುವೆ ತಿಂಗಳುಗಟ್ಟಲೆ ಹೂತಿಡೋದು. ಕಾಳಿನ ರಾಶಿ ಒಳಗೆ ಹಗಲು ರಾತ್ರಿ ಶಾಖ ಒಂದೇ ಸಮ. ಬೆಳಕಿಲ್ಲ, ಅಲುಗಾಟ ಇಲ್ಲ. ಇವತ್ತು ವೈನ್ ಬಲ್ಲೋರು ಹೇಳೋ ಮಾತೂ ಇಷ್ಟೇ. ವೈನ್ ಅಂದ್ರೆ ಮೂಗು ಮುರಿಯೋ ನಮ್ಮ ಓರಗಿತ್ತಿಯರಿಗೆ ನಾನು ಹೇಳೋದಿದು, ನಾವೆಲ್ಲ ಬಾಣಂತನದಲ್ಲಿ ಅದರ ಅಕ್ಕತಂಗಿಯನ್ನೇ ಎರಡು ಚಮಚ ಕುಡಿದೋರು ಕಣ್ರೀ. ಔಷಧದ ಅಳತೇಲಿ, ಔಷಧ ಅಂತ. ಆ ಶೀಶೆ ಬೀರು ಒಳಗೆ ಕತ್ತಲಲ್ಲಿ ಇರೋದು, ಹಾಲಿನಲ್ಲಿ ಅಲ್ಲ.

ಹಾಗಾದ್ರೆ ಈ ಗಾಜಿನ ಬಾಟ್ಲಿ ಬಂದಿದ್ದು ಯಾವಾಗ? 1600ರ ನಂತರ ಇಂಗ್ಲೆಂಡಿನಲ್ಲಿ ಹಡಗು ಕಟ್ಟೋಕೆ ಮರ ಬೇಕು ಅಂತ ಗಾಜಿನ ಕುಲುಮೆಗೆ ಸೌದೆ ಹಾಕೋದನ್ನ ರಾಜ ನಿಲ್ಲಿಸಿದ. ಕಲ್ಲಿದ್ದಲು ಹಾಕಿದ್ರು. ಶಾಖ ಜಾಸ್ತಿ ಆಗಿ ಗಾಜು ಗಟ್ಟಿಯಾಯ್ತು, ಬಣ್ಣ ಕಪ್ಪಗಾಯ್ತು. ಆ ಕಪ್ಪು ಬಣ್ಣವೇ ವೈನಿಗೆ ಕೊಡೆ ಥರ ಆಯ್ತು, ಬೆಳಕು ಒಳಗೆ ಹೋಗಲ್ಲ. ಬಾಯಿಗೆ ಕಾರ್ಕ್ ಬಿರಡೆ ಬಂತು. ಬಿರಡೆ ಒಣಗಿದ್ರೆ ಕುಗ್ಗಿ ಗಾಳಿ ಬಿಡುತ್ತೆ. ಅದಕ್ಕೆ ಬಾಟ್ಲಿನ ಮಲಗಿಸಿ ಇಡೋ ಪದ್ಧತಿ ಆಯ್ತು, ವೈನ್ ತಾಗಿ ಬಿರಡೆ ಸದಾ ನೆಂದಿರಲಿ ಅಂತ. ಗಾಳಿ ಹೋದ್ರೆ ಏನಾಗುತ್ತೆ ಅನ್ನೋದನ್ನ ಫ್ರಾನ್ಸಿನ ಪಾಶ್ಚರ್ 1860ರ ದಶಕದಲ್ಲಿ ತೋರಿಸಿದ. ಕಣ್ಣಿಗೆ ಕಾಣದ ಜೀವಿಗಳು ವೈನನ್ನ ವಿನೆಗರ್ ಮಾಡ್ತವೆ. 1866ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ. ಹಾಲು ಕಾಯಿಸೋ ಪಾಶ್ಚರೀಕರಣ ಅಂತ ನಾವು ಶಾಲೇಲಿ ಓದಿದ್ವಲ್ಲ, ಅದು ಶುರುವಾಗಿದ್ದು ಹಾಲಿನಿಂದಲ್ಲ, ವೈನಿನಿಂದ.

ನಮ್ಮ ಜಿಲ್ಲೆಗೆ ಬಾಟ್ಲಿ ಸಾಲು ತಂದೋರು ಕಾಫಿ ತೋಟದ ದೊರೆಗಳು. ಮಂಜರಾಬಾದು ಅಂದ್ರೆ ಈಗಿನ ಸಕಲೇಶಪುರ, ಅಲ್ಲಿಗೆ 1850ರ ದಶಕದಲ್ಲೇ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಕಾಫಿ ಬೇಸಾಯದ ಬಗ್ಗೆ ಪುಸ್ತಕ ಬರೆದ. ಅಂಥ ಬಂಗಲೆಗಳ ಊಟದ ಕೋಣೇಲಿ ಶೀಶೆ ಲೋಟ ಇಡೋ ಮರದ ಬೀರು ಇರೋದು. ನಮ್ಮ ಬೇಲೂರು ತಾಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೇಲೂ ಕಾಫಿ ತೋಟಗಳಿವೆ. ಕೊಡಗಿನಲ್ಲಿ ಮನೆಯಲ್ಲೇ ವೈನ್ ಹಾಕೋ ರೂಢಿ ಬೆಳೀತು. ದ್ರಾಕ್ಷಿ ಅಷ್ಟೇ ಅಲ್ಲ, ಶುಂಠಿ, ಅಕ್ಕಿ, ವೀಳ್ಯದೆಲೆ ವೈನೂ ಮಾಡ್ತಾರೆ. ಮಡಿಕೇರಿ ಅಂಗಡೀಲಿ ನೀವೂ ನೋಡಿರ್ತೀರ. ಮನೇಲಿ ಹಾಕಿದಾಗ ಅಲ್ಲಿನ ಹೆಂಗಸರು ಜಾಡಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೇಲೇ ಇಡ್ತಾರೆ. ನಮ್ಮ ಮಾವಿನಮಿಡಿ ಭರಣಿ ಹಾಗೇ.

ಈಗ ಹತ್ತಿರದ ಕಾಲಕ್ಕೆ ಬರ್ತೀನಿ. 2007ನೇ ಇಸವಿ ನೆನಪಿದೆಯಾ? ಆ ವರ್ಷ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದೇ 2007ರಲ್ಲೇ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು, ವೈನ್ ಮಂಡಳಿ ಮಾಡ್ತು. ದ್ರಾಕ್ಷಿ ಬೆಳೆಯೋ ರೈತನಿಗೆ ದಾರಿಯಾಗಲಿ ಅಂತ ಅದರ ಉದ್ದೇಶ. ಅದಕ್ಕೂ ಮೊದಲೇ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಅನ್ನೋರು ತೋಟ ಮಾಡಿ ವೈನ್ ತೆಗೀತಿದ್ರು. ನಾವು ತಿನ್ನೋ ಕಪ್ಪು ಬೀಜದ ದ್ರಾಕ್ಷಿ, ಬೆಂಗಳೂರು ನೀಲಿ, ಅದರಿಂದಲೂ ಸಿಹಿ ವೈನ್ ಆಗುತ್ತೆ.

ಒಂದೇ ವರ್ಷದಲ್ಲಿ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೀತು. ಸಾರಾಯಿ ಪ್ಯಾಕೆಟ್ಟು ಬಡವರ ಮನೆ ಮುರಿಯೋ ಸಾಮಾನು, ವೈನ್ ಬಾಟ್ಲಿ ಉಳ್ಳವರ ಮರ್ಯಾದೆ ಸಾಮಾನು ಅಂತ ಆಗೋಯ್ತು. ನನ್ನ ತವರಿನ ಬೀದೀಲಿ ಒಬ್ಬರಿದ್ರು, ಹೆಸರು ಬೇಡ. ಗಂಡ ಪ್ಯಾಕೆಟ್ಟನ್ನ ರಾಗಿ ಮೂಟೆ ಒಳಗೆ ಬಚ್ಚಿಡೋನು. ಮಕ್ಕಳಿಗೆ ಮುದ್ದೆಗೆ ರಾಗಿ ತೆಗೆಯೋಕೆ ಕೈ ಹಾಕಿದ್ರೆ ಆಯಮ್ಮನ ಕೈಗೆ ಅದು ಸಿಗೋದು. ಬಚ್ಚಿಡೋದೂ ಒಂದು ಥರ ಮಡಗೋದೇ ಅಲ್ವಾ ಅಂತ ಯಾರಾದ್ರೂ ಕೇಳಬಹುದು. ಅಲ್ಲ. ಮಡಗೋ ಸಾಮಾನು ಎಲ್ಲಿದೆ, ಎಷ್ಟಿದೆ ಅಂತ ಮನೆ ಯಜಮಾನಿಗೆ ಗೊತ್ತಿರುತ್ತೆ. ಬಚ್ಚಿಟ್ಟಿದ್ದು ಅವಳಿಂದಲೇ ಬಚ್ಚಿಟ್ಟಿದ್ದು.

ಆ ಥರದ ಹೆಂಗಸು ಇವತ್ತು ನಿಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದು ಕೂತಾಗ ಎದುರಿಗೆ ಲೈಟ್ ಹಾಕಿದ ಬಾಟ್ಲಿ ಸಾಲು ಕಂಡ್ರೆ, ಅವಳ ಕಣ್ಣಿಗೆ ಅದು ಅಲಂಕಾರ ಅಲ್ಲ. ಕುಡಿತ ಬಿಟ್ಟು ಆರು ತಿಂಗಳಾಗಿರೋ ತಮ್ಮನೋ ಭಾವನೋ ಬಂದು ಕೂರ್ತಾನೆ. ಹತ್ತು ವರ್ಷದ ಮೊಮ್ಮಗು ದಿನಾ ನೋಡುತ್ತೆ. ತೋರ್ಸೋ ಸಾಮಾನಿನ ಗುಣವೇ ಹಾಗೆ, ಯಾರಿಗೆ ತೋರಿಸ್ತೀವಿ ಅಂತ ಆರಿಸೋಕಾಗಲ್ಲ, ಬಂದೋರೆಲ್ಲ ನೋಡ್ತಾರೆ. ಕುಡಿಯೋದು ಬಿಡೋದು ಅವರವರ ಇಷ್ಟ, ಅದಕ್ಕೆ ನಾನು ಯಾರು? ಆದ್ರೆ ಹಾಲು ಅನ್ನೋದು ಬಂದೋರೆಲ್ಲರ ಜಾಗ.

ಇನ್ನು ವೈನಿನ ದೃಷ್ಟಿಯಿಂದಲೇ ನೋಡಿದ್ರೂ ಆ ಕಪಾಟು ತಪ್ಪು ಜಾಗ. ವೈನಿಗೆ ಬೇಕಾದ್ದು 12ರಿಂದ 15 ಡಿಗ್ರಿ ತಂಪು, ಅದೂ ಏರಿಳಿತ ಇಲ್ಲದ ತಂಪು. ನಮ್ಮ ಬೇಸಿಗೇಲಿ ತಾರಸಿ ಮನೆ ಹಾಲು ಎಷ್ಟು ಕಾಯುತ್ತೆ ಅಂತ ನಿಮಗೇ ಗೊತ್ತು. ಹೆಂಚಿನ ಮನೆ ಮಣ್ಣು ಗೋಡೆ ಇದ್ದ ಕಾಲ ಆದ್ರೆ ನಡುಮನೆ ಮೂಲೆ ಸಾಕಾಗ್ತಿತ್ತು. ಬೆಳಕು ಅದಕ್ಕಿಂತ ಶತ್ರು. ಬಿಳಿ ವೈನ್ ಬಿಳಿ ಗಾಜಿನ ಬಾಟ್ಲೀಲಿದ್ದು ಬೆಳಕಿಗೆ ಸಿಕ್ರೆ ಬೇಯಿಸಿದ ಎಲೆಕೋಸಿನ ವಾಸನೆ ಬರುತ್ತೆ. ಗ್ಯಾಸ್ ಒಲೆ ಪಕ್ಕ, ಫ್ರಿಜ್ಜಿನ ತಲೆ ಮೇಲೆ ಎರಡೂ ಬೇಡ. ಒಂದು ಕಡೆ ಬಿಸಿ, ಇನ್ನೊಂದು ಕಡೆ ಬಿಸಿ ಜೊತೆ ನಡುಕ. ಇಟ್ಟಷ್ಟೂ ರುಚಿ ಅನ್ನೋ ಮಾತೂ ಎಲ್ಲ ವೈನಿಗಲ್ಲ. ಅಂಗಡೀಲಿ ಸಿಗೋ ಬಹಳಷ್ಟು ಒಂದೆರಡು ವರ್ಷದೊಳಗೆ ಮುಗಿಸಲಿ ಅಂತ ಮಾಡಿರೋದು. ಐದು ವರ್ಷ ಶೋಕೇಸಿನಲ್ಲಿ ನಿಂತಿದ್ದನ್ನ ನೆಂಟರಿಗೆ ಬಗ್ಗಿಸಿದ್ರೆ ಮುಖ ಹುಳಿ ಆಗುತ್ತೆ.

ತಂಗಿಗೆ ನಾನು ಹೇಳಿದ್ದು ಇಷ್ಟು. ಮೆಟ್ಟಿಲ ಕೆಳಗೆ, ಬಿಸಿಲು ಬೀಳದ ಗೋಡೆ ಪಕ್ಕ, ಮರದ ಬಾಗಿಲಿನ ಚಿಕ್ಕ ಬೀರು ಮಾಡ್ಸು, ಗಾಜು ಬೇಡ. ಕಾರ್ಕ್ ಇದ್ದದ್ದು ಮಲಗಲಿ, ತಿರುಗಿಸೋ ಮುಚ್ಚಳದ್ದು ನಿಂತ್ರೂ ನಡೆಯುತ್ತೆ. ತೆಗೆದ ಬಾಟ್ಲಿ ಮುಚ್ಚಿ ಫ್ರಿಜ್ಜಿಗೆ, ಮೂರು ನಾಲ್ಕು ದಿನದೊಳಗೆ ಮುಗೀಲಿ. ಬೀರುವಿಗೆ ಬೀಗ ಇರಲಿ, ಬೀಗದ ಕೈ ಸೊಸೆ ಹತ್ರ ಇರಲಿ, ಒಳಗೆ ಎಷ್ಟಿದೆ ಅಂತ ಅವಳಿಗೆ ಗೊತ್ತಿರಲಿ.

ಗಾಜಿನ ಕಪಾಟು ಆಸೆಪಟ್ಟು ಮಾಡ್ಸಿದ್ರೆ ಖಾಲಿ ಬಿಡಬೇಕಾಗಿಲ್ಲ. ಪಟ್ಟದ ಗೊಂಬೆ ಇಡ್ಲಿ. ನಮ್ಮ ಗೊಂಬೇನೂ ದಸರೆಯ ದಿನಗಳಲ್ಲಿ ಮಾತ್ರ ಎಲ್ಲರ ಎದುರು ಕೂರೋದು, ಮಿಕ್ಕ ದಿನ ಹಳೇ ಪಂಚೆ ಸುತ್ಕೊಂಡು ಅಟ್ಟದ ಪೆಟ್ಟಿಗೇಲಿ. ಅದಕ್ಕೇ ಅಜ್ಜಿ ಕಾಲದ ಬಣ್ಣ ಇನ್ನೂ ಉಳಿದಿದೆ. ಹಳೇಬೀಡಿನ ಬಳಪದ ಕಲ್ಲಿನ ಚಿಕ್ಕ ವಿಗ್ರಹ ಇಡ್ಲಿ. ಬಾಟ್ಲಿ ಆಕಾರವೇ ಚೆಂದ ಅಂದ್ರೆ ಖಾಲಿ ಆದ್ಮೇಲೆ ತೊಳೆದು ನೀರು ತುಂಬಿ ಮನಿ ಪ್ಲಾಂಟ್ ಬಳ್ಳಿ ಹಾಕ್ಲಿ, ಅದಕ್ಕೆ ಬೆಳಕು ಬೇಕು.

ಮುಂದಿನ ಸಲ ಭರಣಿ ವಾಸನೆ ತೆಗೆಯೋದು ಹೇಗೆ ಅಂತ ಬರೀತೀನಿ, ಮಾವಿನಕಾಯಿ ಬರೋ ಹೊತ್ತಾಯ್ತು.